ಅದಿರಿನ ಹಾದಿಯಲ್ಲಿ ಉಸಿರಿನ ಲೆಕ್ಕ

2003ರ ನಂತರ ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿದ್ದೇ ತಡ, ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರಿನ ಲಾರಿಗಳು ಹಗಲಿರುಳೆನ್ನದೆ ಇಳಿಯತೊಡಗಿದವು. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಅಂಕೋಲಾ ಬಳಿಯ ಬೇಲೇಕೇರಿ ಬಂದರಿನವರೆಗೂ ಅವುಗಳ ಓಡಾಟ. ರಸ್ತೆ ಬದಿಯ ಮೆಕ್ಕೆಜೋಳದ ಗರಿ, ಮನೆಯ ಸುಣ್ಣದ ಗೋಡೆ, ಒಣಹಾಕಿದ ಬಟ್ಟೆ ಎಲ್ಲಕ್ಕೂ ಒಂದೇ ಕೆಂಪು ಹತ್ತಿತು. ಅದಿರಿಗೆ ಟನ್ನಿನ ಲೆಕ್ಕವಿತ್ತು. ಧೂಳು ಕುಡಿದವರ ನಷ್ಟಕ್ಕೆ ಬೆಲೆ ಕಟ್ಟುವ ವಿದ್ಯೆ ಆಗಿನ್ನೂ ಬೆಳೆಯುತ್ತಿತ್ತು.

ಭಾರತದಲ್ಲಿ ವಾಯುಮಾಲಿನ್ಯ ತಡೆ ಕಾಯ್ದೆ 1981ರಲ್ಲೇ ಬಂದಿತ್ತು, ನಷ್ಟದ ಲೆಕ್ಕ ಬಂದದ್ದು ಆಮೇಲೆ. 1993ರಲ್ಲಿ ಪ್ರಕಟವಾದ ಹಾರ್ವರ್ಡ್‌ನ ಆರು ನಗರಗಳ ಅಧ್ಯಯನ, ಧೂಮಪಾನದ ಪರಿಣಾಮವನ್ನು ಬದಿಗಿಟ್ಟು ನೋಡಿದರೂ ಅತಿ ಮಲಿನ ನಗರದಲ್ಲಿ ಸಾವಿನ ಪ್ರಮಾಣ ಅತಿ ಸ್ವಚ್ಛ ನಗರಕ್ಕಿಂತ ಶೇ. 26ರಷ್ಟು ಹೆಚ್ಚೆಂದು ತೋರಿಸಿತು. ಎರಡು ವರ್ಷಗಳ ನಂತರ ವಿಶ್ವಬ್ಯಾಂಕಿನ ತಜ್ಞರು ಭಾರತದ ಲೆಕ್ಕ ಹಾಕಿದರು: ನಗರಗಳ ಕೆಟ್ಟ ಗಾಳಿಯಿಂದ ವರ್ಷಕ್ಕೆ ಸುಮಾರು 40,000 ಅಕಾಲ ಮರಣ. ಚಿಕಿತ್ಸೆಯ ಖರ್ಚು, ತಪ್ಪಿದ ಕೂಲಿ, ಕಳೆದುಹೋದ ಆಯುಷ್ಯ ಎಲ್ಲವನ್ನೂ ಹಣದಲ್ಲಿ ಅಳೆಯುವ ಪದ್ಧತಿ ಹೀಗೆ ಬೇರು ಬಿಡತೊಡಗಿತು.

2009ರಲ್ಲಿ ಭಾರತದ ಗಾಳಿಯ ಗುಣಮಟ್ಟದ ಮಾನದಂಡಕ್ಕೆ ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ಅಳತೆ ಸೇರಿತು. ದಪ್ಪ ಧೂಳಿನ ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ, 2.5 ಮೈಕ್ರಾನ್‌ಗಿಂತ ಸಣ್ಣ ಕಣ ಶ್ವಾಸಕೋಶದ ಆಳಕ್ಕಿಳಿಯುತ್ತದೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು.

ಅದಿರು ಹಾದಿಯಲ್ಲಿ ಹೊಗೆಯ ಜೊತೆ ರಸ್ತೆಯೂ ಸೇರಿಕೊಂಡಿತು. ಅಮೆರಿಕದಲ್ಲಿ 1950ರ ದಶಕದ ಕೊನೆಗೆ ನಡೆದ ರಸ್ತೆ ಪರೀಕ್ಷೆಯ ಪ್ರಕಾರ ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಹೆಚ್ಚುಕಡಿಮೆ 16 ಪಟ್ಟು. ಓವರ್‌ಲೋಡ್ ಲಾರಿ ಡಾಂಬರು ಕೀಳುತ್ತದೆ, ಗುಂಡಿಯಲ್ಲಿ ಕುಲುಕಿ ಅದಿರು ಚೆಲ್ಲುತ್ತದೆ, ಹಿಂದೆ ಬರುವ ಗಾಲಿ ಅದನ್ನು ಅರೆದು ಹಾರಿಸುತ್ತದೆ. ಟಾರ್ಪಾಲ್ ಕಟ್ಟಿದ ಮಾತ್ರಕ್ಕೆ ಇದು ನಿಲ್ಲದು.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ, ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದಿತು. ಅದೇ ತಿಂಗಳು ಬಳ್ಳಾರಿಯ ಗಣಿಗಾರಿಕೆಗೆ ಕೋರ್ಟ್ ತಡೆ ಹಾಕಿತು. ಲೋಕಾಯುಕ್ತ ವರದಿಯ ಮೊತ್ತ ಕದ್ದ ಅದಿರಿನದು. ಕೆಮ್ಮು, ದಮ್ಮಿಗೆ ಮನೆಮಂದಿ ಸುರಿದ ಹಣ ಅದರಲ್ಲಿಲ್ಲ.

ಆ ಬಗೆಯ ನಷ್ಟ ಎಷ್ಟು ದೊಡ್ಡದೆಂಬುದು 2020ರ ಲ್ಯಾನ್ಸೆಟ್ ಅಧ್ಯಯನದಿಂದ ತಿಳಿಯುತ್ತದೆ. ಅಡುಗೆ ಒಲೆಯ ಹೊಗೆಯೂ ಸೇರಿ ವಾಯುಮಾಲಿನ್ಯದಿಂದ 2019ರಲ್ಲಿ ದೇಶದಲ್ಲಿ ಸತ್ತವರು 16.7 ಲಕ್ಷ, ಆರ್ಥಿಕ ನಷ್ಟ ಸುಮಾರು 2.6 ಲಕ್ಷ ಕೋಟಿ ರೂಪಾಯಿ, ಅಂದರೆ ಜಿಡಿಪಿಯ ಶೇ. 1.36.

ಪರಿಹಾರದ ದಾರಿಗಳೂ ಇಲ್ಲೇ ಇವೆ. ಗಣಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮುಚ್ಚಿದ ಕನ್ವೇಯರ್ ಅದಿರು ಸಾಗಿಸುತ್ತದೆ. ಹಂಪಿಯ ಗೆಜ್ಜಲ ಮಂಟಪದಿಂದ ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ವಾಹನಗಳು ಓಡುತ್ತವೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಹೊಸ ಲಾರಿಗಳ ಹೊಗೆ ತಗ್ಗಿಸಿದೆ. ಗಾಲಿಯಿಂದೇಳುವ ಧೂಳಿಗೆ ಮಾತ್ರ ಆ ನಿಯಮ ತಾಗುವುದಿಲ್ಲ.

ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಯೋಜನೆಯ ಗಾತ್ರ ಸುಮಾರು 25,000 ಕೋಟಿ ರೂಪಾಯಿ. ರೈಲು, ರಸ್ತೆಗಳ ಜೊತೆಗೆ ಸಂಡೂರು, ಹೊಸಪೇಟೆ, ಕಂಪ್ಲಿಯ ಆಸ್ಪತ್ರೆಗಳಿಗೆ ಬರುವ ಉಬ್ಬಸ ರೋಗಿಗಳ ದಾಖಲೆಯನ್ನು ದಿನನಿತ್ಯದ ಗಾಳಿಯ ಅಳತೆಗೆ ಹೋಲಿಸಿ ನೋಡುವ ಕೆಲಸಕ್ಕೂ ಅದರಲ್ಲಿ ಪಾಲು ಸಿಗಬೇಕು. ಯಾವ ರಸ್ತೆಯಲ್ಲಿ ಎಷ್ಟು ಲಾರಿ ಬಿಡಬೇಕು, ಯಾವ ಶಾಲೆಯ ಮುಂದೆ ಬಿಡಲೇಬಾರದು ಎಂದು ಜಿಲ್ಲಾಡಳಿತ ತೀರ್ಮಾನಿಸಲು ಆ ಲೆಕ್ಕವೇ ಆಧಾರ.