ಒಡಪ ಒಡೆದವರು

ಸಿಂದಗಿ ಬಸ್ ನಿಲ್ದಾಣ. ಇಂಡಿಗೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಇಬ್ಬರು ಕಾಲೇಜು ಹುಡುಗರು ಹಿಂದಿನ ರಾತ್ರಿ ಮೊಬೈಲಿನಲ್ಲಿ ನೋಡಿದ ಸಿನಿಮಾದ ಮಾತು ತೆಗೆದಿದ್ದರು. "ಇಂಟರ್ವಲ್ ಆಗೂಕಿಂತ ಮೊದಲ ಟ್ವಿಸ್ಟ್ ಗೆಸ್ ಮಾಡಿದ್ನಿ ನಾ. ಕೊಲಿ ಮಾಡಿದಾವ ಆ ಡಾಕ್ಟರ್ ಅಂತ ಹೇಳಿದ್ನಿಲ್ಲ?" ಎಂದ ಒಬ್ಬ. "ಹೇಳಿದಿ. ಹೇಳೇ ನನ್ನ ಸಿನಿಮಾ ಕೆಡಿಸಿದಿ" ಎಂದ ಇನ್ನೊಬ್ಬ. ಮಗ್ಗುಲಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಮುದುಕಿಗೆ ಟ್ವಿಸ್ಟ್ ಅಂದರೇನೆಂದು ತಿಳಿಯಲಿಲ್ಲ, ಕೇಳಿದಳು. "ಕತಿಯೊಳಗ ಒಂದು ಮುಚ್ಚಿ ಇಟ್ಟಿರ್ತಾರ ಆಯಿ, ಕಡೀಕ ತೆರೀತಾರ. ನಾ ಮೊದಲ ಹೇಳಿಬಿಟ್ಟೆ" ಎಂದು ಹುಡುಗ ಬಿಡಿಸಿ ಹೇಳಿದ.

"ಹಂಗಾರ ಒಡಪ ಒಡದಿ ಅನ್ನು" ಎಂದಳು ಆಯಿ. "ಒಡದವಾ ಬಾಯಿ ಮುಚ್ಚಿಕೊಂಡು ಕೂಡಬೇಕಪಾ. ಉಳದವರೂ ಒಡೀಲಿ."

ಒಡಪು! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆ ಒಗಟಿಗೆ ಇರುವ ಹೆಸರು ಇದು. ಬಾಯಲ್ಲಿ ಸವೆದು 'ಒಡಪ' ಆಗಿದೆ. ಇದೇ ಬಳಗಕ್ಕೆ ಕನ್ನಡ ಇನ್ನೂ ಹೆಸರುಗಳನ್ನು ಇಟ್ಟಿದೆ. ಕನಕದಾಸರದು ಮುಂಡಿಗೆ. ಶರಣರದು ಬೆಡಗು. ಬೆಡಗಿನ ವಚನಗಳ ಗಂಟು ಬಿಚ್ಚಲು ಮುಂದಿನವರು ಟೀಕೆ ಬರೆಯಬೇಕಾಯಿತು. ಒಡೆ ಎಂಬ ಧಾತುವಿನಿಂದ ಒಡಪು ಬಂದ ಬಗೆಯನ್ನು ನಿಘಂಟಿಗೆ ಬಿಡೋಣ, ಅದು ಯಾರಿಗೂ ತಿಳಿಯುವಂಥದು. ಇಲ್ಲಿ ನೋಡಬೇಕಾದದ್ದು, ಸಿನಿಮಾದ ಕೊನೆಯನ್ನು ಮೊದಲೇ ಕಂಡುಹಿಡಿಯುವ ಕೆಲಸಕ್ಕೆ ಆ ಮುದುಕಿ ಎಷ್ಟು ಸಲೀಸಾಗಿ ತನ್ನ ಮಾತು ಕೊಟ್ಟಳು, ಆ ಮಾತು ಅಲ್ಲಿ ಎಷ್ಟು ಬಿಗಿಯಾಗಿ ಕೂತಿತು ಎಂಬುದನ್ನು.

ಹುಡುಗನ 'ಗೆಸ್' ಆ ಜಾಗದಲ್ಲಿ ಹಾಗೆ ಕೂರುವುದಿಲ್ಲ. ಆ ಸೀಮೆಯ ರೈತನಿಗೆ ಎರಡು ಬೇರೆ ಬೇರೆ ಮಾತುಗಳಿದ್ದವು. ಹೊಲ ನೋಡಿ ಎಷ್ಟು ಚೀಲ ಜೋಳ ಬಂದೀತು ಎನ್ನುವುದು ಅಂದಾಜು. ಅದು ಒಂದೆರಡು ಚೀಲ ಹೆಚ್ಚುಕಡಿಮೆ ಆದರೆ ಯಾರೂ ತಪ್ಪು ಎನ್ನುವುದಿಲ್ಲ. ಒಡಪಿಗೆ ಆ ರಿಯಾಯಿತಿ ಇಲ್ಲ, ಒಡೆಯಬೇಕು, ಇಲ್ಲವೇ ಸೋತೆ ಎನ್ನಬೇಕು. ತೆರೆಯ ಮೇಲೆ ಬಂದವರೆಲ್ಲರ ಮೇಲೂ ಒಂದೊಂದು ಸಲ ಅನುಮಾನಪಟ್ಟು, ಕೊನೆಗೆ ಒಂದು ತಾಗಿದಾಗ "ನಾ ಮೊದಲ ಹೇಳಿದ್ನಿ" ಎನ್ನುವವನು ಒಡಪ ಒಡೆದವನಲ್ಲ, ಮಾವಿನ ಗಿಡಕ್ಕೆ ಕಲ್ಲು ಒಗೆದವನು. ಹೆಸರು ಮಾಡಿದ ನಟ ಕೆಲಸವಿಲ್ಲದೆ ಮೂಲೆಯಲ್ಲಿ ನಿಂತಿದ್ದಾನೆ, ಆದ್ದರಿಂದ ಕೊಲೆಗಾರ ಅವನೇ ಇರಬೇಕು ಎಂದು ಲೆಕ್ಕ ಹಾಕುವವನೂ ಅಷ್ಟೇ. ಅವನು ಒಡಪನ್ನು ನೋಡಲಿಲ್ಲ, ಹಾಕಿದವರ ಕಿಸೆಗೆ ಇಣುಕಿ ನೋಡಿದ. ಅಂದಾಜು, ಒಡಪು, ಕಲ್ಲು ಒಗೆತ, ಇಣುಕು ನೋಟ, ಎಲ್ಲಕ್ಕೂ ಈಗ 'ಗೆಸ್' ಒಂದೇ.

ಟ್ವಿಸ್ಟ್ ಎಂಬ ಮಾತಿನ ಸ್ಥಿತಿ ಇನ್ನೂ ಕೆಟ್ಟಿದೆ. ಸಂಜೆ ಯಾವ ಸುದ್ದಿವಾಹಿನಿ ಹಚ್ಚಿದರೂ ಯಾವುದೋ ಪ್ರಕರಣಕ್ಕೆ 'ಬಿಗ್ ಟ್ವಿಸ್ಟ್' ಸಿಕ್ಕಿರುತ್ತದೆ. ಯಾರದೋ ಮನೆಯ ಮಗಳು ಸತ್ತಿರುತ್ತಾಳೆ, ಪೊಲೀಸರಿಗೆ ಒಂದು ಹೊಸ ಹೇಳಿಕೆ ದೊರೆತಿರುತ್ತದೆ, ಅದು ಟ್ವಿಸ್ಟ್. ಕಥೆಗಾರ ಬೇಕೆಂದು ಮುಚ್ಚಿಟ್ಟು ನೋಡುವವರ ಸುಖಕ್ಕಾಗಿ ತೆರೆಯುವುದಕ್ಕೂ, ಮನೆಯವರ ಎದೆ ಒಡೆಯುವ ಸತ್ಯಕ್ಕೂ ಒಂದೇ ಮಾತನ್ನು ಬಳಸುವುದು ಅನ್ಯಾಯ. ಕನ್ನಡದಲ್ಲಿ ಬರೆಯುವವರು 'ರೋಚಕ ತಿರುವು' ಎನ್ನುತ್ತಾರೆ. ತಿರುವು ರಸ್ತೆಯದು. 2016ರಲ್ಲಿ ಪವನ್ ಕುಮಾರ್ ತೆಗೆದ 'ಯು ಟರ್ನ್' ಚಿತ್ರಕ್ಕೆ ಮಾತ್ರ ಅದು ಪೂರ್ತಿ ಒಪ್ಪುತ್ತದೆ. ಬೆಂಗಳೂರಿನ ಮೇಲ್ಸೇತುವೆಯ ನಡುವಿನ ಕಲ್ಲುಗಳನ್ನು ಸರಿಸಿ ಗಾಡಿ ತಿರುಗಿಸಿಕೊಳ್ಳುವವರಿಂದಲೇ ಆ ಕತೆ ಹುಟ್ಟುತ್ತದೆ.

ಒಡಪಿಗೆ ಇನ್ನೊಂದು ಬಾಳೂ ಇದೆ. ಅದನ್ನು ನೋಡಬೇಕಾದರೆ ಮುದ್ದೇಬಿಹಾಳ ಕಡೆಯ ಒಂದು ಮದುವೆ ಮನೆಯ ಬಾಗಿಲಿಗೆ ಹೋಗಬೇಕು. ಹೊಸ ಸೊಸೆ ಹೊಸ್ತಿಲ ಹೊರಗೆ ನಿಂತಿದ್ದಾಳೆ. ಒಳಗೆ ನಾದಿನಿಯರು, ಅತ್ತಿಗೆಯರು, ಓಣಿಯ ಹೆಂಗಸರು ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿದ್ದಾರೆ. "ಒಡಪ ಹಾಕಿ ಹೆಸರ ಹೇಳು, ಆಮ್ಯಾಲ ಒಳಗ ಬಾ." ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂದು ಬೆಳೆದ ಹುಡುಗಿ ಅದನ್ನು ಪ್ರಾಸದ ಒಳಗೆ ಅಡಗಿಸಿ ಹೇಳಬೇಕು. ಮೊದಲ ಸಾಲಿನಲ್ಲಿ ಬೆಳ್ಳಿ ತಂಬಿಗೆಯೋ, ಬನ್ನಿ ಗಿಡವೋ, ಊರ ದೇವರ ಗುಡಿಯೋ ಬರುತ್ತದೆ. ಎರಡನೆಯದರಲ್ಲಿ ತವರಿನ ಮಾತು. ಅವಳು ತಲೆ ತಗ್ಗಿಸಿದ್ದಾಳೆ, ಬಲಗೈ ಬೆರಳು ಸೆರಗಿನ ಅಂಚನ್ನು ಸುತ್ತಿ ಬಿಚ್ಚಿ ಸುತ್ತುತ್ತಿದೆ, ದನಿ ಸಾಲಿನಿಂದ ಸಾಲಿಗೆ ಸಣ್ಣದಾಗುತ್ತಿದೆ. ಬಾಗಿಲಲ್ಲಿ ನಿಂತವರ ಗದ್ದಲ ಅಡಗುತ್ತದೆ. ಎತ್ತಿಕೊಂಡ ಕೂಸು ಅತ್ತರೆ ಅದರ ಬಾಯಿಗೆ ಕೈ ಅಡ್ಡ ಬರುತ್ತದೆ. ಕೊನೆಯ ಸಾಲಿನ ಕೊನೆಯಲ್ಲಿ, ಪ್ರಾಸ ಕೂಡುವ ಜಾಗದಲ್ಲಿ, ಹೆಸರು ಬೀಳುತ್ತದೆ. ಹೋ ಎಂದು ನಗೆ ಏಳುತ್ತದೆ. ಹೆಸರು ಸರಿಯಾಗಿ ಕೇಳಿಸಿದ್ದರೂ ಒಬ್ಬಾಕೆ "ಕೇಳಲಿಲ್ಲವಾ, ಇನ್ನೊಮ್ಮಿ ಹೇಳು" ಎನ್ನುತ್ತಾಳೆ.

ಆ ಹೆಸರು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಲಗ್ನಪತ್ರಿಕೆಯಲ್ಲಿ ಅಚ್ಚಾಗಿತ್ತು, ಹಂದರದ ಮುಂದಿನ ಫಲಕದಲ್ಲಿ ಬಣ್ಣದಲ್ಲಿ ಬರೆದಿತ್ತು. ಹೆಸರಿನ ಒಡೆಯ ಅವಳ ಪಕ್ಕದಲ್ಲೇ ನಿಂತಿದ್ದ. ಆದರೂ ಎಲ್ಲರೂ ಉಸಿರು ಹಿಡಿದು ಕಾದರು. ಕೊನೆ ಮೊದಲೇ ಗೊತ್ತಾದರೆ ಸಿನಿಮಾ ಸತ್ತೇಹೋಯಿತು ಎಂದು ಕೂಗಾಡುವವರು ಈ ಬಾಗಿಲಲ್ಲಿ ಒಮ್ಮೆ ನಿಲ್ಲಬೇಕು. ಇಂಡಿಯ ಆಚೆ ಸೊಲ್ಲಾಪುರದ ಮರಾಠಿಯಲ್ಲಿಯೂ ಹೀಗೇ: ಒಗಟಿಗೂ ಉಖಾಣಾ, ಹೆಸರು ಹೇಳುವ ಪದ್ಯಕ್ಕೂ ಉಖಾಣಾ. ಎರಡು ಭಾಷೆಗಳು ಗಡಿಯ ಎರಡೂ ಬದಿಗೆ ಒಂದೇ ಜೋಡಿಯನ್ನು ಕಟ್ಟಿಕೊಂಡಿವೆ. ಗೊತ್ತಿಲ್ಲದ್ದನ್ನು ಕಂಡುಹಿಡಿಯುವುದು, ಗೊತ್ತಿದ್ದದ್ದನ್ನು ಕಾದು ಕೇಳುವುದು, ಎರಡೂ ಒಡಪೇ.

ಈ ಜೋಡಿ ಎಲ್ಲಿ ಕೂಡಿತು? ಬೀಸುಕಲ್ಲಿನ ಮುಂದೆ ಎಂಬುದು ಈ ಅಂಕಣದ ವಾದ. ವಿಜಯಪುರ ಸೀಮೆ ಬಿಳಿಜೋಳದ ಹಾಗೆ ತೊಗರಿಯ ನಾಡೂ ಹೌದು. ಅಲ್ಲಿ ಒಡೆಯುವುದು ಎಂದರೆ ಹೆಂಗಸರಿಗೆ ಮೊದಲು ನೆನಪಾಗುತ್ತಿದ್ದದ್ದು ಬ್ಯಾಳಿ ಒಡೆಯುವುದು. ತೊಗರಿಗೆ ನೀರು ಮುಟ್ಟಿಸಿ, ಬಿಸಿಲಿಗೆ ಹರವಿ, ಬೀಸುಕಲ್ಲಿನ ಬಾಯಿಗೆ ಹಿಡಿಹಿಡಿಯಾಗಿ ಹಾಕಿ ಗೂಟ ತಿರುವಿದರೆ, ಕಂದು ಸಿಪ್ಪೆ ಬಿಟ್ಟು ಹಳದಿ ಬೇಳೆ ಅಂಚಿನಿಂದ ಉದುರುತ್ತದೆ. ಇಡಿಯಾಗಿ ಹೋದ ಕಾಳು ಎರಡಾಗಿ ಬರುತ್ತದೆ. ಆ ಎರಡು ಹೋಳು ಮೊದಲಿನಿಂದಲೂ ಒಳಗೇ ಇದ್ದವು, ಸಿಪ್ಪೆಯೊಂದೇ ಅವನ್ನು ಒಂದು ಮಾಡಿ ತೋರಿಸುತ್ತಿತ್ತು. ಒಡಪಿನ ಕಟ್ಟೂ ಇದೇ. ಪ್ರಶ್ನೆ ಒಂದು ಹೋಳು, ಉತ್ತರ ಇನ್ನೊಂದು ಹೋಳು, ಎರಡೂ ಒಂದೇ ಕಾಳಿನವು. ಅಪ್ಪನಿಂದಲೂ ಸುತ್ತಲಾಗದ ರುಮಾಲು ಯಾವುದು ಎಂದು ಕೇಳಿ, ದಾರಿ ಎಂಬ ಉತ್ತರ ಬಂದ ಗಳಿಗೆಯಲ್ಲಿ, ಉದ್ದಕ್ಕೆ ಬಿಚ್ಚಿದ ರುಮಾಲು ಊರಾಚೆಯ ದಾರಿಯಾಗಿ ಕಣ್ಣ ಮುಂದೆ ಬಿದ್ದುಕೊಳ್ಳುತ್ತದೆ. ಉತ್ತರ ಹೊರಗಿನಿಂದ ಬಂದದ್ದಲ್ಲ.

ಈ ವಾದಕ್ಕೆ ಶಾಸನದ ಆಧಾರ ಕೇಳಿದರೆ ಸಿಗುವುದು ಕಷ್ಟ. ಆದರೆ ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯನ್ನು ನೆನೆಯಬಹುದು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದಾಗ, ಬೀಸುವ ಕುಟ್ಟುವ ಹೆಂಗಸರ ತ್ರಿಪದಿಗಳು ಪುಸ್ತಕದ ಹಾಳೆಗೆ ಬಂದವು. ಅಷ್ಟು ಹಾಡು ಹುಟ್ಟಿಸಿದ ಕಲ್ಲು ಒಂದು ಮಾತಿಗೆ ಅರ್ಥದ ತಿರುಳು ಕೊಟ್ಟಿರಲಾರದೇ?

ಬೇಳೆಯ ಈ ಅಳತೆಯನ್ನು ಸಿನಿಮಾಕ್ಕೆ ಹಚ್ಚಿ ನೋಡಿದರೆ ಒಳ್ಳೆಯದು ಕೆಟ್ಟದ್ದು ತಾನಾಗಿ ಬೇರೆಯಾಗುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ, ಅಲ್ಲಿಯವರೆಗೆ ಸುಳಿಯದ ಅವಳಿ ತಮ್ಮನನ್ನೋ ಹಳೆಯ ವೈರಿಯನ್ನೋ ತಂದು ನಿಲ್ಲಿಸುವ ಚಿತ್ರ ಬೇಳೆಯಲ್ಲಿ ಹರಳು ಬೆರೆಸಿದಂತೆ. ಅದನ್ನು ಯಾರೂ ಮೊದಲೇ ಹೇಳಲಾರರು, ಹೇಳದಿದ್ದುದು ನೋಡುವವರ ದಡ್ಡತನವೂ ಅಲ್ಲ. ಸರಿಯಾದ ಒಡಪು ಹಾಕಿದವರು ಕನ್ನಡದಲ್ಲಿ ಇದ್ದಾರೆ. ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ 'ತರ್ಕ' ತೆಗೆದರು. ಶಂಕರ್ ನಾಗ್ ಇದ್ದ ಆ ಚಿತ್ರದಲ್ಲಿ ಒಂದೂ ಹಾಡಿರಲಿಲ್ಲ. ಹಾಡಿಗೆ ಎದ್ದು ಹೊರಗೆ ಹೋಗುವ ಪ್ರೇಕ್ಷಕನಿಗೆ ಹೋಗಲು ಎಡೆಯೇ ಸಿಗದಂತೆ ಕತೆ ಸಾಗುತ್ತಿತ್ತು. ಮರುವರ್ಷ ಕೆ.ಎಸ್. ರವಿಕುಮಾರ್ ಅದನ್ನು ತಮಿಳಿಗೆ ಒಯ್ದು ತಮ್ಮ ಮೊದಲ ಚಿತ್ರ ಮಾಡಿಕೊಂಡರು. ಅಲ್ಲಿ ಇಟ್ಟ ಹೆಸರು 'ಪುರಿಯಾದ ಪುದಿರ್'. ತಿಳಿಯದ ಒಗಟು ಎಂದು ಅರ್ಥ. ತಮಿಳರು ಒಗಟು ಎಂಬ ಮಾತನ್ನೇ ಪೋಸ್ಟರಿನ ಮೇಲೆ ಬರೆದರು. ನಮ್ಮ ಒಡಪು ಇನ್ನೂ ಪೋಸ್ಟರಿಗಾಗಿ ಕಾಯುತ್ತಿದೆ.

ಅದೇ ದೇಸಾಯಿ 1995ರಲ್ಲಿ ಯಂಡಮೂರಿ ವೀರೇಂದ್ರನಾಥರ ಕಾದಂಬರಿಯಿಂದ 'ಬೆಳದಿಂಗಳ ಬಾಲೆ' ಮಾಡಿದಾಗ ಮದುವೆ ಬಾಗಿಲಿನ ಒಡಪೇ ತಿರುಗಿ ಬಂತು. ಅನಂತನಾಗ್ ಚೆಸ್ ಆಟಗಾರ. ಫೋನಿನಲ್ಲಿ ಒಬ್ಬ ಹುಡುಗಿಯ ದನಿ. ತಾನು ಯಾರೆಂದು ಪತ್ತೆ ಹಚ್ಚು ಎಂದು ಆಕೆ ಸವಾಲು ಹಾಕಿ ಸುಳಿವುಗಳನ್ನು ಕೊಡುತ್ತಾಳೆ. ಇಲ್ಲಿಯೂ ಹೆಣ್ಣಿನ ದನಿಯೇ, ಇಲ್ಲಿಯೂ ಮುಚ್ಚಿಟ್ಟ ಗುರುತೇ. ಹೊಸ್ತಿಲಿನ ಬದಲು ಟೆಲಿಫೋನ್ ತಂತಿ ಇದೆ. ಆಕೆ ಯಾರು, ಕೊನೆಗೆ ಏನಾಯಿತು ಎಂಬುದನ್ನು ಚಿತ್ರ ನೋಡದವರಿಗಾಗಿ ಇಲ್ಲಿ ಬರೆಯುತ್ತಿಲ್ಲ. ಮೂವತ್ತು ವರ್ಷ ಹಳೆಯದಾದರೂ ಒಡಪು ಒಡಪೇ.

ಮೊದಲೇ ತಿಳಿದ ಕೊಲೆಯನ್ನು ಕೂತು ನೋಡುವ ಚಾಳಿ ಉತ್ತರ ಕರ್ನಾಟಕಕ್ಕೆ ಹೊಸದೇನಲ್ಲ. 'ಸಂಗ್ಯಾ ಬಾಳ್ಯಾ' ಸಣ್ಣಾಟಕ್ಕೆ ರಾತ್ರಿಯಿಡೀ ಕಣ್ಣು ತೆರೆದು ಕೂತವರಿಗೆ ಸಂಗ್ಯಾನ ಗತಿ ಏನೆಂದು ಆಟ ಶುರುವಾಗುವ ಮೊದಲೇ ಗೊತ್ತು. ಗೆಳೆಯ ಬಾಳ್ಯಾ ಯಾವ ಗಳಿಗೆಯಲ್ಲಿ ಕೈಬಿಡುತ್ತಾನೆ, ಆ ಗಳಿಗೆಯಲ್ಲಿ ಅವನ ಮುಖ ಹೇಗಾಗುತ್ತದೆ ಎಂದು ನೋಡಲು ಅವರು ಕೂತಿರುತ್ತಿದ್ದರು. ಹಾಗಾಗಿ ಮೊದಲೇ ಒಡೆದದ್ದು ದೊಡ್ಡ ತಪ್ಪಲ್ಲ. ಒಡೆದವನಿಗೆ ಸಿನಿಮಾ ಇನ್ನೊಂದು ಬಗೆಯಲ್ಲಿ ಉಳಿದಿರುತ್ತದೆ: ತಾನು ಕಂಡದ್ದು ಸರಿಯೇ, ನಿರ್ದೇಶಕ ಅದನ್ನು ಎಲ್ಲಿ ಮುಚ್ಚಿದ, ಎಲ್ಲಿ ಸೆರಗು ಸರಿಯಿತು ಎಂದು ನೋಡುತ್ತ ಕೂರಬಹುದು. ಕೂಗಿ ಹೇಳಿದಾಗ ಮಾತ್ರ ಪಕ್ಕದವನ ಪಾಲಿನ ಕಾಳು ಇವನ ಕಲ್ಲಿಗೆ ಬೀಳುತ್ತದೆ. ನೇಪಾಳಿಯಲ್ಲಿ ಒಗಟಿಗೆ 'ಗಾಉಂ ಖಾನೆ ಕಥಾ', ಊರು ತಿನ್ನುವ ಕತೆ, ಎಂದು ಹೆಸರು. ಉತ್ತರ ಹೊಳೆಯದವನು ಕೇಳಿದವನಿಗೆ ಒಂದು ಊರು ಬಿಟ್ಟುಕೊಡಬೇಕು. ಪಕ್ಕದವನ ಕಿವಿಯಲ್ಲಿ ಉತ್ತರ ಊದುವವನು ಅವನಿಗೆ ಸೋಲುವ ಅವಕಾಶವನ್ನೂ ಉಳಿಸುವುದಿಲ್ಲ.

ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ನಾಟಕ 1952ರಲ್ಲಿ ರಂಗವೇರಿತು. ಕೋವಿಡ್ ಕಾಲದಲ್ಲಿ ನಿಂತು 2021ರಲ್ಲಿ ಮತ್ತೆ ಶುರುವಾಯಿತು. ಆಟ ಮುಗಿದ ಮೇಲೆ ನಟರೊಬ್ಬರು ಮುಂದೆ ಬಂದು, ಕೊಲೆಗಾರ ಯಾರೆಂಬುದನ್ನು ಹೊರಗೆ ಹೇಳಬೇಡಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುವ ವಾಡಿಕೆ ಅಲ್ಲಿದೆ. ಸಿಂದಗಿಯ ಆಯಿ ಹುಡುಗನಿಗೆ ಹೇಳಿದ್ದೂ ಅದನ್ನೇ. ಆಕೆ ಅದನ್ನು ಕಲಿತದ್ದು ಒಡಪ ಹಾಕುವವರ ನಡುವೆ ಕೂತು.

ಇಂಡಿ ಬಸ್ಸು ಬಂತು. ಹುಡುಗರು ಓಡಿಹೋಗಿ ಕಿಟಕಿಯಿಂದ ಟವೆಲ್ ಹಾಕಿ ಆಯಿಗೂ ಒಂದು ಸೀಟು ಹಿಡಿದರು. ಈ ಬರಹ ಓದಿದವರಲ್ಲಿ ಒಂದೇ ಕೋರಿಕೆ: ಮುಂದಿನ ಸಲ ಮೊದಲ ಆಟ ನೋಡಿ ಹೊರಬಂದಾಗ, ಎರಡನೆಯ ಆಟಕ್ಕೆ ಸಾಲುಗಟ್ಟಿ ನಿಂತವರು "ಹೆಂಗೈತಿ?" ಎಂದು ಕೇಳಿದರೆ, "ಚಲೋ ಒಡಪ ಹಾಕ್ಯಾರ" ಎಂದಷ್ಟೇ ಹೇಳಿ ಮುಂದೆ ಹೋಗಿ.