ಮೊದಲ ಪ್ರಯಾಣ ಮುಗಿದ ಮೇಲೆ: ಹಡಗಿನ ಕ್ಯಾಡೆಟ್ ಅಧಿಕಾರಿಯಾಗುವ ಹಾದಿಯ ಚರಿತ್ರೆ, ಸಾಂಗಲಿ-ಮಿರಜದಿಂದ ಒಂದು ನೋಟ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ದನಿ ಕೇಳ್ತಾ ಇದೆ ಅಂದ್ಕೊಂಡು ಶುರು ಮಾಡ್ತೇನೆ.

ವಿಷಯ ಕೊಟ್ಟಾಗಲೇ ಒಬ್ಬರು ಕೇಳಿದ್ರು: ಮಿರಜದಲ್ಲಿ ಕೂತು ಹಡಗಿನ ಮಾತು ಯಾಕೆ? ನ್ಯಾಯವಾದ ಪ್ರಶ್ನೆ. ಸಾಂಗಲಿಯ ಮಗ್ಗುಲಲ್ಲಿ ಕೃಷ್ಣೆ ಹರಿದರೂ ಅವಳು ಹೋಗೋದು ಪೂರ್ವಕ್ಕೆ, ಬಂಗಾಳ ಕೊಲ್ಲಿಗೆ. ನಮಗೆ ಹತ್ತಿರದ ಕಡಲು ಬೇಕಂದ್ರೆ ಸಹ್ಯಾದ್ರಿ ಇಳಿದು ರತ್ನಾಗಿರಿ ಕಡೆ ಹೋಗಬೇಕು. ಆದರೂ ಇಲ್ಲಿಂದ ಹುಡುಗರು ಮರ್ಚೆಂಟ್ ನೇವಿಗೆ ಹೋಗ್ತಾರೆ. ಮೊದಲ ಪ್ರಯಾಣ ಮುಗಿಸಿ ಊರಿಗೆ ಬಂದವನನ್ನು ಮನೆಯವರು ಮರಾಠಿಯಲ್ಲೂ ಕನ್ನಡದಲ್ಲೂ "ಕ್ಯಾಪ್ಟನ್" ಅಂತಲೇ ಕರೀತಾರೆ. ಕಾಗದದ ಮೇಲೆ ಅವನು ಇನ್ನೂ ಕ್ಯಾಡೆಟ್. ಈ ಎರಡು ಹೆಸರುಗಳ ನಡುವಿನ ದೂರ ಎಷ್ಟು, ಅದನ್ನು ಯಾರು, ಯಾವಾಗ ಗೊತ್ತು ಮಾಡಿದರು ಎಂಬುದೇ ಪ್ರಸ್ತುತ ಪ್ರಬಂಧದ ವಿಷಯ.

ನನ್ನ ವಾದ ಸರಳ. ಈ ದೂರದಲ್ಲಿ ಮೂರು ಬಾಗಿಲುಗಳಿವೆ: ಕಡಲಿನ ಮೇಲೆ ಕಳೆದ ದಿನಗಳು, ಆ ದಿನಗಳಿಗೆ ಸಾಕ್ಷಿ, ಕೊನೆಗೆ ಪರೀಕ್ಷೆ. ಮೂರೂ ಬೇರೆ ಬೇರೆ ಕಾಲದಲ್ಲಿ ನಿಂತವು. ಪರೀಕ್ಷೆ ಕಷ್ಟ ಅಂತ ಎಲ್ಲರೂ ಹೇಳ್ತಾರೆ. ಆದರೆ ಚರಿತ್ರೆ ನೋಡಿದರೆ ಅತ್ಯಂತ ಬಿಗಿಯಾದದ್ದು ಮೊದಲನೆಯ ಬಾಗಿಲು, ಅಂದರೆ ಹಡಗಿನ ಮೇಲೆ ಒಂದು ಜಾಗ.

1. ಪರೀಕ್ಷೆ ಬಂದ ಬಗೆ

ಹತ್ತೊಂಬತ್ತನೇ ಶತಮಾನದ ಮೊದಲ ಅರ್ಧದಲ್ಲಿ ಬ್ರಿಟನ್ನಿನ ವ್ಯಾಪಾರಿ ಹಡಗುಗಳಲ್ಲಿ ಅಧಿಕಾರಿಯಾಗಲು ಕಡ್ಡಾಯ ಪರೀಕ್ಷೆ ಇರಲಿಲ್ಲ. ಹಡಗಿನ ಒಡೆಯ ಒಪ್ಪಿದರೆ ಆಯ್ತು. 1836ರಲ್ಲಿ ಹಡಗು ಮುಳುಗಡೆಗಳ ಬಗ್ಗೆ ಅಲ್ಲಿನ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿ, ಅಧಿಕಾರಿಗಳ ಅಜ್ಞಾನವನ್ನೂ ಕುಡಿತವನ್ನೂ ಕಾರಣಗಳಲ್ಲಿ ಎಣಿಸಿತು. ಮೊದಲು ಐಚ್ಛಿಕ ಪರೀಕ್ಷೆ ಬಂತು. 1850ರ ಕಾಯ್ದೆ ವಿದೇಶ ಪ್ರಯಾಣದ ಹಡಗುಗಳ ಮಾಸ್ಟರ್ ಮತ್ತು ಮೇಟ್‌ಗಳಿಗೆ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು. ಸೆಕೆಂಡ್ ಮೇಟ್, ಫಸ್ಟ್ ಮೇಟ್, ಮಾಸ್ಟರ್ ಎಂಬ ಆ ಕಾಲದ ಮೆಟ್ಟಿಲುಗಳು ಇವತ್ತಿಗೂ ನಮ್ಮ ಪರೀಕ್ಷೆಗಳ ಹೆಸರಿನಲ್ಲಿ ಉಳಿದಿವೆ. ಅದಕ್ಕೇ ಒಂದು ವಿಚಿತ್ರ ನೋಡ್ರಿ: ಹುಡುಗ ಪಾಸಾಗೋದು "ಸೆಕೆಂಡ್ ಮೇಟ್" ಪರೀಕ್ಷೆ, ಹಡಗಿನಲ್ಲಿ ಸಾಮಾನ್ಯವಾಗಿ ಮೊದಲು ಸಿಗೋ ಹುದ್ದೆ ಥರ್ಡ್ ಆಫೀಸರ್. ಊರಲ್ಲಿ ಇದನ್ನು ವಿವರಿಸೋದೇ ಒಂದು ಕೆಲಸ.

2. ಜಾಗದ ಪ್ರಶ್ನೆ: ಡಫರಿನ್

ಆ ಹಡಗುಗಳಲ್ಲಿ ಭಾರತೀಯರು ಇರಲಿಲ್ಲವೇ? ಇದ್ದರು, ಲಷ್ಕರರಾಗಿ ಸಾವಿರಗಟ್ಟಲೆ ಇದ್ದರು. ಡೆಕ್ ತೊಳೆದರು, ಬಾಯ್ಲರಿಗೆ ಕಲ್ಲಿದ್ದಲು ಹಾಕಿದರು. ಅಧಿಕಾರಿಯ ಮೆಟ್ಟಿಲು ಮಾತ್ರ ಅವರಿಗೆ ಮುಚ್ಚಿದಂತಿತ್ತು.

1919ರ ಏಪ್ರಿಲ್ 5ರಂದು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ "ಲಾಯಲ್ಟಿ" ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ನೆನಪಿಗೇ ಏಪ್ರಿಲ್ 5 ರಾಷ್ಟ್ರೀಯ ಕಡಲ ದಿನ. ಕಂಪನಿಯ ಸ್ಥಾಪಕರಲ್ಲಿ ಒಬ್ಬರು ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ್ ಹಿರಾಚಂದ್. ಅವರೂ ನಮ್ಮ ಹಾಗೆ ಬಯಲು ಸೀಮೆಯವರೇ! ಕಂಪನಿ ಹುಟ್ಟಿತು, ಆದರೆ ಅಧಿಕಾರಿಗಳನ್ನು ತಯಾರು ಮಾಡುವ ವ್ಯವಸ್ಥೆ ದೇಶದಲ್ಲಿ ಇರಲಿಲ್ಲ. ಪಿ. ಎಸ್. ಶಿವಸ್ವಾಮಿ ಅಯ್ಯರ್ ಅವರು ಕೇಂದ್ರ ಶಾಸನಸಭೆಯಲ್ಲಿ ಈ ವಿಷಯ ಎತ್ತಿದರು. ಸರ್ಕಾರ ನೇಮಿಸಿದ ಸಮಿತಿ ತರಬೇತಿ ಹಡಗು ಬೇಕು ಎಂದಿತು. 1927ರಲ್ಲಿ ಹಳೆಯ ಸೈನಿಕ ಸಾಗಣೆ ಹಡಗು "ಡಫರಿನ್" ಮುಂಬಯಿಯ ಮಜಗಾಂವ್ ಬಳಿ ಲಂಗರು ಹಾಕಿ ಶಾಲೆಯಾಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಡಫರಿನ್‌ನಲ್ಲಿ ಓದು ಮುಗಿದರೆ ಅಧಿಕಾರಿಯಾದಂತೆ ಆಗ್ತಿರಲಿಲ್ಲ. ಲಂಗರು ಹಾಕಿದ ಹಡಗಿನಿಂದ ಓಡುವ ಹಡಗಿಗೆ ಹೋಗಿ ಕಡಲಿನ ದಿನಗಳನ್ನು ತುಂಬಿಸಬೇಕಿತ್ತು. ಓಡುವ ಹಡಗುಗಳು ಯಾರವು? ಬಹುಪಾಲು ಬ್ರಿಟಿಷ್ ಕಂಪನಿಗಳವು. ಅವು ಈ ಹುಡುಗರನ್ನು ತೆಗೆದುಕೊಳ್ಳಲು ಹಿಂದೇಟು ಹಾಕಿದವು. ಹೆಚ್ಚಿನ ಭರವಸೆ ಸಿಂಧಿಯಾ ಮೇಲೆ ನಿಂತಿತು. ಅದೂ 1923ರ ಒಪ್ಪಂದದಿಂದ ಕೈಕಟ್ಟಿಸಿಕೊಂಡ ಕಂಪನಿ: ಕರಾವಳಿ ವ್ಯಾಪಾರಕ್ಕೆ ಸೀಮಿತ, ಒಟ್ಟು 75,000 ಟನ್ ಮಿತಿ. ಹಡಗು ಕಡಿಮೆ ಅಂದರೆ ಕ್ಯಾಡೆಟ್‌ನ ಮಂಚವೂ ಕಡಿಮೆ. ಡಫರಿನ್‌ನ ಮೊದಲ ತಂಡದ ರಾಮದಾಸ್ ಕಟಾರಿ ಅಲ್ಲಿಂದ ಹೊರಬಂದು ಸೇರಿದ್ದು ಹೂಗ್ಲಿ ನದಿಯ ಸರ್ವೆ ಕೆಲಸಕ್ಕೆ. ಯುದ್ಧಕಾಲದಲ್ಲಿ ನೌಕಾಪಡೆಗೆ ಬಂದು, 1958ರಲ್ಲಿ ಅದರ ಮೊದಲ ಭಾರತೀಯ ಮುಖ್ಯಸ್ಥರಾದರು. ಕಲಿತವರು ಇದ್ದರು. ಕಲಿತದ್ದನ್ನು ವ್ಯಾಪಾರಿ ಹಡಗಿನಲ್ಲಿ ಪೂರ್ತಿ ಮಾಡಿಕೊಳ್ಳುವ ಜಾಗ ಸಾಲದಾಗಿತ್ತು.

ಮುಂದೆ ಡಫರಿನ್ ಜಾಗಕ್ಕೆ 1972ರಲ್ಲಿ "ರಾಜೇಂದ್ರ" ಬಂತು. ಆಮೇಲೆ ನವಿ ಮುಂಬಯಿಯ ದಡದ ಮೇಲಿನ "ಚಾಣಕ್ಯ" ಸಂಸ್ಥೆ ಬಂತು. 1961ರಲ್ಲಿ ಸರ್ಕಾರದ ಶಿಪ್ಪಿಂಗ್ ಕಾರ್ಪೊರೇಷನ್ ಹುಟ್ಟಿದ ಮೇಲೆ ಜಾಗಗಳು ಹೆಚ್ಚಿದವು. ಪ್ರಶ್ನೆ ತೀರಲಿಲ್ಲ.

3. ಸಾಕ್ಷಿ ಪುಸ್ತಕ

1978ರಲ್ಲಿ ಲಂಡನ್ನಿನಲ್ಲಿ ನಾವಿಕರ ತರಬೇತಿ ಮತ್ತು ಪ್ರಮಾಣಪತ್ರಗಳ ಅಂತಾರಾಷ್ಟ್ರೀಯ ಒಪ್ಪಂದವಾಯಿತು. 1984ರಲ್ಲಿ ಜಾರಿಗೆ ಬಂತು. ಅದಕ್ಕೆ ಎಸ್‌ಟಿಸಿಡಬ್ಲ್ಯು ಅಂತಾರೆ. 1995ರ ತಿದ್ದುಪಡಿ ನಮ್ಮ ಕ್ಯಾಡೆಟ್‌ನ ಬದುಕನ್ನು ನೇರವಾಗಿ ಮುಟ್ಟಿತು. ಅನುಮೋದಿತ ತರಬೇತಿಯಲ್ಲಿದ್ದು ಅದನ್ನು ದಾಖಲೆ ಪುಸ್ತಕದಲ್ಲಿ ಬರೆಸಿಕೊಂಡವನಿಗೆ ಕಡಲಿನ ಮೇಲೆ ಕನಿಷ್ಠ 12 ತಿಂಗಳು ಸಾಕು. ಅದಿಲ್ಲದವನಿಗೆ ಕನಿಷ್ಠ 36 ತಿಂಗಳು. ಅಂದರೆ ಒಂದು ಪುಸ್ತಕದ ಬೆಲೆ 24 ತಿಂಗಳು! ಜೊತೆಗೆ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಕನಿಷ್ಠ 6 ತಿಂಗಳು ಬ್ರಿಜ್ ಮೇಲೆ ವಾಚ್ ಮಾಡಿರಬೇಕು.

4. ಇವತ್ತಿನ ಮೆಟ್ಟಿಲುಗಳು

ಮೊದಲ ಪ್ರಯಾಣ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ನಮ್ಮ ದೇಶದಲ್ಲಿ ಮೂರು ವರ್ಷದ ನಾಟಿಕಲ್ ಸೈನ್ಸ್ ಪದವಿ ಮಾಡಿದವರಿಗೆ 12 ತಿಂಗಳು, ಒಂದು ವರ್ಷದ ಡಿಪ್ಲೊಮಾ ಮಾಡಿದವರಿಗೆ 18 ತಿಂಗಳು ಕಡಲು ಬೇಕು. ಹಾಗಾಗಿ ಮೊದಲ ಪ್ರಯಾಣದಿಂದ ಲೆಕ್ಕ ತುಂಬೋದು ಅಪರೂಪ. ಎರಡನೆಯದು, ಕೆಲವರಿಗೆ ಮೂರನೆಯದೂ ಬೇಕು.

ಹಡಗು ಇಳಿಯುವಾಗ ಮೂರು ಕಾಗದ ಕೈಯಲ್ಲಿರಬೇಕು: ಸಿಡಿಸಿಯಲ್ಲಿ ಹತ್ತಿದ ಮತ್ತು ಇಳಿದ ದಿನಾಂಕ, ಕ್ಯಾಪ್ಟನ್ ಸಹಿ ಮಾಡಿದ ಸೇವಾ ಪತ್ರ, ಕೆಲಸ ಕಲಿತಾಗ ಕಲಿತಾಗಲೇ ಸಹಿ ಬಿದ್ದ ರೆಕಾರ್ಡ್ ಬುಕ್. ಲೆಕ್ಕ ತುಂಬಿದ ಮೇಲೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸೆಕೆಂಡ್ ಮೇಟ್ ಕೋರ್ಸು. ಜೊತೆಗೆ ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಜೀವರಕ್ಷಕ ದೋಣಿ, ರೇಡಾರ್, ರೇಡಿಯೊ ಸಂಪರ್ಕದ ಕೋರ್ಸುಗಳು. ಆಮೇಲೆ ಮುಂಬಯಿ, ಕೋಲ್ಕತ್ತ, ಚೆನ್ನೈಯಂಥ ಕಡೆ ಇರುವ ಮರ್ಕಂಟೈಲ್ ಮರೀನ್ ಡಿಪಾರ್ಟ್‌ಮೆಂಟಿನಲ್ಲಿ ಲಿಖಿತ ಪರೀಕ್ಷೆ ಮತ್ತು ಓರಲ್ಸ್. ಪಾಸಾದರೆ ಪ್ರಮಾಣಪತ್ರ.

ಈ ನಡುವಿನ ತಿಂಗಳುಗಳಲ್ಲಿ ಸಂಬಳ ಇರೋದಿಲ್ಲ, ಖರ್ಚು ಇರುತ್ತೆ. ಹೊಲ ಅಡವಿಟ್ಟು ಮಗನನ್ನು ಕಳಿಸಿದ ಮನೆಗೆ ಇದು ಮೊದಲೇ ಗೊತ್ತಿರಬೇಕು. ನನಗೆ ಪರಿಚಯದ ಒಬ್ಬ ಹುಡುಗ ಮೊದಲ ಪ್ರಯಾಣ ಮುಗಿಸಿ ಬಂದಾಗ ಅವನ ಪುಸ್ತಕದ ಅರ್ಧ ಹಾಳೆಗಳು ಖಾಲಿ. "ಆಮೇಲೆ ಬರೆಸಿಕೊಂಡ್ರಾಯ್ತು ಅಂದ್ಕೊಂಡೆ" ಅಂದ. ಸಹಿ ಹಾಕಬೇಕಾದವರು ಆಗಲೇ ಬೇರೆ ಹಡಗಿನಲ್ಲಿ, ಬೇರೆ ಸಮುದ್ರದಲ್ಲಿ. ಎರಡನೇ ಪ್ರಯಾಣದಲ್ಲಿ ಅವನು ಅದೇ ಕೆಲಸಗಳನ್ನು ಮತ್ತೆ ಮಾಡಿ ತೋರಿಸಬೇಕಾಯ್ತು.

5. ಪ್ರಶ್ನೋತ್ತರದಿಂದ

ಒಬ್ಬ ಸಹಪಾಠಿ: "ಇಲ್ಲಿ ಮೆಕ್ಯಾನಿಕಲ್ ಓದಿದವರಿಗೆ ದಾರಿ ಇದೆಯೇ?"

ಇದೆ, ಅದು ಎಂಜಿನ್ ಕಡೆಯ ದಾರಿ. ಮೆಕ್ಯಾನಿಕಲ್ ಪದವೀಧರರು ಸುಮಾರು ಒಂದು ವರ್ಷದ ಮರೀನ್ ತರಬೇತಿ ಪಡೆದು, ಕನಿಷ್ಠ 6 ತಿಂಗಳು ಎಂಜಿನ್ ರೂಮಿನಲ್ಲಿ ಕಳೆದು, ಕ್ಲಾಸ್ ಫೋರ್ ಪರೀಕ್ಷೆ ಬರೀತಾರೆ. ನಮ್ಮ ಊರಿನ ಕೊಂಡಿ ಇಲ್ಲೇ ಇದೆ. ಸಾಂಗಲಿಯಲ್ಲಿ 1947ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜು ಮುಂದೆ ವಾಲಚಂದ್ ಅವರ ಹೆಸರು ಪಡೆಯಿತು. ಗೇಟಿನ ಮೇಲಿನ ಆ ಹೆಸರು ಒಂದು ಹಡಗು ಕಂಪನಿ ಕಟ್ಟಿದವರದ್ದು ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ಒಬ್ಬ ಅಧ್ಯಾಪಕರು: "ಇದು ಚರಿತ್ರೆಯೋ, ಮಾರ್ಗದರ್ಶಿಯೋ?"

ಸರ್, ಎರಡನ್ನೂ ಬಿಡಿಸೋದು ನನಗೆ ಆಗಲಿಲ್ಲ. 1927ರ ನಂತರ ಜಾಗ ಕೊಡದವರು ಕಂಪನಿಗಳು. ಇವತ್ತು ಜಾಗ ಸಾಲದ ಕಡೆ ದಲ್ಲಾಳಿ ಬಂದು ಕೂತಿದ್ದಾನೆ. ನಾವಿಕರ ನೇಮಕಕ್ಕೆ ಲೈಸೆನ್ಸ್ ಇರಬೇಕು ಅಂತ ನಿಯಮಗಳು ಹೇಳ್ತವೆ. ಕೆಲಸ ಕೊಡಿಸೋದಕ್ಕೆ ನಾವಿಕನಿಂದ ಹಣ ಕೇಳುವುದು ಅಪರಾಧ. ಬಂದರಿನ ಊರಿನ ಹುಡುಗನಿಗೆ ಇದನ್ನು ಹೇಳಲು ಚಿಕ್ಕಪ್ಪ, ಮಾವ ಇರ್ತಾರೆ. ಮಿರಜದ ಹುಡುಗನಿಗೆ, ಜತ್ತದ ಹುಡುಗನಿಗೆ ಯಾರಿದ್ದಾರೆ?

ಉಪಸಂಹಾರ

ಪರೀಕ್ಷೆಯನ್ನು ಓದಿ ಗೆಲ್ಲಬಹುದು. ಸಾಕ್ಷಿಯನ್ನು ಎಚ್ಚರದಿಂದ ಕಾಯ್ದುಕೊಳ್ಳಬಹುದು. ಜಾಗ ಮಾತ್ರ ಕ್ಯಾಡೆಟ್‌ನ ಕೈಯಲ್ಲಿಲ್ಲ. ಡಫರಿನ್ ಕಾಲದಲ್ಲೂ ಇರಲಿಲ್ಲ. ಅದಕ್ಕೇ ಮನೆಯವರಲ್ಲಿ ಒಂದು ವಿನಂತಿ. ಮೊದಲ ಪ್ರಯಾಣ ಮುಗಿಸಿ ಬಂದವನನ್ನು ಕ್ಯಾಪ್ಟನ್ ಅಂತ ಕರೀರಿ, ಬೇಡ ಅನ್ನಲ್ಲ. ಊಟ ಆದ ಮೇಲೆ ಮಾತ್ರ ಆ ರೆಕಾರ್ಡ್ ಬುಕ್ ತೆಗೆಸಿ ನೋಡ್ರಿ, ಎಷ್ಟು ಹಾಳೆಗೆ ಸಹಿ ಬಿದ್ದಿದೆ ಅಂತ ಕೇಳ್ರಿ.