ಗಢವಾಲದ ಒಬ್ಬ ಸಿಪಾಯಿ

ಯುದ್ಧಗಳ ಚರಿತ್ರೆಯನ್ನು ಪಾಠ ಹೇಳುವಾಗ ನಾವು ಸೇನಾಪತಿಗಳ ಹೆಸರುಗಳನ್ನೂ ಮಡಿದವರ ಸಂಖ್ಯೆಯನ್ನೂ ಹೇಳಿ ಮುಂದೆ ಸಾಗುತ್ತೇವೆ. ಆ ಸಂಖ್ಯೆಯೊಳಗಿನ ಒಬ್ಬನನ್ನು ಹುಡುಕಿಕೊಂಡು ಅವನ ಊರಿನವರೆಗೆ ಹೋಗುವುದು ವಿರಳ. ಈ ಹೊತ್ತು ಅಂಥ ಒಬ್ಬನ ಜಾಡು ಹಿಡಿದು ನಡೆಯೋಣ.

1915ನೆಯ ಏಪ್ರಿಲ್ 28ರ ಲಂಡನ್ ಗೆಜೆಟ್ಟಿನಲ್ಲಿ, 39ನೆಯ ಗಢವಾಲ್ ರೈಫಲ್ಸ್ ದಳದ ಎರಡನೆಯ ಪಟಾಲಮಿಗೆ ಸೇರಿದ 1685ನೆಯ ನಂಬರಿನ ಸಿಪಾಯಿಗೆ ವಿಕ್ಟೋರಿಯಾ ಕ್ರಾಸ್ ಪದಕವಿತ್ತ ಪ್ರಕಟಣೆಯಿದೆ. ಅಲ್ಲಿ ಅವನ ಹೆಸರು ಗೋಬರ್ ಸಿಂಗ್ ನೇಗಿ. ಗೋಬರ್ ಎಂದರೆ ಹಿಂದಿಯಲ್ಲಿ ಸಗಣಿ. ನಗಬೇಕಾದ್ದಿಲ್ಲ, ಮಗು ಉಳಿಯಲೆಂದು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯನೆಂದು ಕರೆದವರಲ್ಲವೆ ನಾವು! ಅವನ ನಾಡಿನವರಿಗೆ ಮಾತ್ರ ಅವನು ಗಬ್ಬರ್ ಸಿಂಗ್. ಹೆಸರೇ ಎರಡಾದರೆ ಹುಡುಕುವವನಿಗೆ ಮೊದಲ ಹೆಜ್ಜೆಯಲ್ಲಿಯೇ ತೊಡಕು.

ಅವನು 1895ರಲ್ಲಿ, ಹಿಮಾಲಯದ ತೆಹ್ರಿ ಗಢವಾಲ ಸಂಸ್ಥಾನದಲ್ಲಿ, ಚಂಬಾ ಎಂಬ ಊರಿಗೆ ಸಮೀಪದ ಮಂಜೌರ್ ಗ್ರಾಮದಲ್ಲಿ ಹುಟ್ಟಿದನು. ಬೆಟ್ಟದ ಮೈಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಬೇಸಾಯ ಮಾಡುವ ಸೀಮೆ ಅದು. ಆಗಿನ ಮೈಸೂರಿಗರಂತೆ ಅವನೂ ಒಬ್ಬ ಮಹಾರಾಜನ ಪ್ರಜೆ. ಆದರೆ 1918ರಲ್ಲಿ ಹೈಫಾದಲ್ಲಿ ಕಾದಿದ ನಮ್ಮ ರಾವುತರು ಸಂಸ್ಥಾನದ ಸೈನ್ಯದವರು. ಇವನಾದರೋ 1913ರ ಅಕ್ಟೋಬರಿನಲ್ಲಿ ಬ್ರಿಟಿಷ್ ಸರ್ಕಾರದ ದಳವನ್ನೇ ಸೇರಿದನು. ಒಂದು ವರ್ಷ ತುಂಬುವಷ್ಟರಲ್ಲಿ ಅವನ ಪಟಾಲಂ ಫ್ರಾನ್ಸಿಗೆ ಸಾಗಿತು.

1915ನೆಯ ಮಾರ್ಚ್ 10. ಉತ್ತರ ಫ್ರಾನ್ಸಿನ ನವ್ ಶಾಪೆಲ್ ಎಂಬ ಹಳ್ಳಿ. ಬೆಳಗ್ಗೆ ಮೂವತ್ತೈದು ನಿಮಿಷಗಳ ಕಾಲ ಫಿರಂಗಿಗಳು ಮೊಳಗಿದ ಬಳಿಕ ಕಾಲಾಳುಗಳು ಮುನ್ನುಗ್ಗಿದರು. ಶತ್ರುವಿನ ಮುಖ್ಯ ಕಂದಕಕ್ಕೆ ಇಳಿದ, ಸನೀನು ಬಾಂಬುಗಳನ್ನು ಹಿಡಿದ ಒಂದು ತುಕಡಿಯಲ್ಲಿ ಗಬ್ಬರ್ ಸಿಂಗ್ ಇದ್ದನು. ಕಂದಕವನ್ನು ಯಾರೂ ನೇರವಾಗಿ ತೋಡುವುದಿಲ್ಲ. ಗುಂಡು ಉದ್ದಕ್ಕೂ ಹಾಯದಂತೆ ಅಲ್ಲಲ್ಲಿ ಮೂಲೆ ತಿರುಗಿಸಿರುತ್ತಾರೆ. ಮೂಲೆಯ ಆಚೆ ನಿಂತವನು ಈಚೆಯಿಂದ ಬರುವವನಿಗೆ ಕಾಣನು. ಮೊದಲು ತಿರುಗುವವನು ಕುರುಡಾಗಿಯೇ ತಿರುಗಬೇಕು. ಒಂದೊಂದು ಮೂಲೆಯನ್ನೂ ಮೊದಲು ತಿರುಗಿದವನು ಇವನೇ ಎಂದು ಗೆಜೆಟ್ಟು ಹೇಳುತ್ತದೆ. ಹಿಮ್ಮೆಟ್ಟಿದ ಶತ್ರುಗಳು ಕಡೆಗೆ ಶರಣಾದರು. ಆ ಕಾಳಗದಲ್ಲಿಯೇ ಅವನು ಹತನಾದನು. ಇನ್ನಾರು ವಾರ ಬದುಕಿದ್ದರೆ ಇಪ್ಪತ್ತು ತುಂಬುತ್ತಿತ್ತು.

ಈ ಪದಕಕ್ಕೆ ಭಾರತೀಯ ಸಿಪಾಯಿಗಳು ಅರ್ಹರೆಂದು ಸರ್ಕಾರಕ್ಕೆ ತೋರಿದ್ದೇ 1911ರಲ್ಲಿ. ಅದಕ್ಕೆ ಹಿಂದಿನ ಶೂರರು ಏನಾದರೆಂದು ಕೇಳುವ ಹಕ್ಕು ಚರಿತ್ರಕಾರನಿಗಿದೆ.

ಅವನಿಗೆ ಗುರುತಿಸಬಹುದಾದ ಸಮಾಧಿಯಿಲ್ಲ. 1927ರಲ್ಲಿ ಅದೇ ಹಳ್ಳಿಯ ಬಳಿ ಅನಾವರಣಗೊಂಡ ಸ್ಮಾರಕದ ಮೇಲೆ, ಸಮಾಧಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳ ನಡುವೆ, ಅವನ ಹೆಸರಿದೆ. ಗೆಜೆಟ್ಟಿನ ಕೆಲವೇ ಪಂಕ್ತಿಗಳಲ್ಲಿ ಒಂದು ಬೆಳಗಿನ ಕಥೆ ಇದೆ. ಊರಿನಲ್ಲಿ ಅವನಿಗೊಬ್ಬ ಪತ್ನಿ ಇದ್ದಳೆಂಬ ಮಾತಿಲ್ಲ. ಸತೂರಿ ದೇವಿ ಎಂಬ ಆಕೆ ದೀರ್ಘಕಾಲ ಬಾಳಿದಳು. ಮತ್ತೆ ಮದುವೆಯಾಗಲಿಲ್ಲ. ಗಂಡನ ಪದಕವನ್ನು ಪೆಟ್ಟಿಗೆಯಲ್ಲಿಡದೆ ತನ್ನ ಸೀರೆಯ ಮೇಲೆಯೇ ಧರಿಸುತ್ತಿದ್ದಳು. ಪ್ರತಿ ವರ್ಷ ಏಪ್ರಿಲ್ ತಿಂಗಳಿನಲ್ಲಿ ಚಂಬಾದಲ್ಲಿ ಅವನ ಹೆಸರಿನಲ್ಲಿ ಜಾತ್ರೆ ಕೂಡುತ್ತದೆ. ಅಲ್ಲಿ ಅವನನ್ನು ಯಾರೂ ಗೋಬರ್ ಸಿಂಗನೆನ್ನುವುದಿಲ್ಲ.